ಆ್ಯಂಟಿವೈರಸ್ ಹೇಳಿದ್ದು ಸುಳ್ಳಲ್ಲ

2025ರ ಮಾರ್ಚ್‌ನಲ್ಲಿ ವಿಂಡೋಸ್‌ನ ಡಿಫೆಂಡರ್ ಎಷ್ಟೋ ಕಂಪ್ಯೂಟರುಗಳಲ್ಲಿ ವಿನ್‌ರಿಂಗ್‌ಝೀರೋ ಎಂಬ ಡ್ರೈವರನ್ನು ಹಿಡಿದು ಬದಿಗಿಟ್ಟಿತು. ಫ್ಯಾನಿನ ವೇಗ ಹೊಂದಿಸುವ, ಪ್ರೊಸೆಸರಿನ ಶಾಖ ತೋರಿಸುವ, ಬಣ್ಣದ ದೀಪಗಳನ್ನು ನಿಯಂತ್ರಿಸುವ ಹಲವು ತಂತ್ರಾಂಶಗಳು ಈ ಒಂದೇ ಡ್ರೈವರನ್ನು ನಂಬಿಕೊಂಡಿದ್ದವು, ಅವೆಲ್ಲ ಕೈಕೊಟ್ಟವು. ಇದು ಆ್ಯಂಟಿವೈರಸ್‌ನ ಸುಳ್ಳು ಎಚ್ಚರಿಕೆ ಎಂಬ ಮಾತು ಬಳಕೆದಾರರಲ್ಲಿ ಬೇಗ ಹಬ್ಬಿತು. ಡ್ರೈವರ್ ಇಲ್ಲದಿದ್ದರೆ ಫ್ಯಾನ್ ನಿಂತು ಪ್ರೊಸೆಸರ್ ಸುಟ್ಟೀತು, ಹಾಗಾಗಿ ಆ ಫೈಲಿಗೆ ವಿನಾಯಿತಿ ಕೊಟ್ಟುಬಿಡಿ ಎಂಬ ಸಲಹೆಯೂ ಅದರ ಬೆನ್ನಿಗೇ ಬಂತು. ಎರಡೂ ತಪ್ಪು. ಮೊದಲನೆಯದನ್ನು ಜನ ಸುಲಭವಾಗಿ ಒಪ್ಪುವುದು ಎರಡನೆಯದರ ಭಯದಿಂದ. ಆದ್ದರಿಂದ ಆ ಭಯವನ್ನೇ ಮೊದಲು ನೋಡೋಣ.

ಪವರ್ ಬಟನ್ ಒತ್ತಿದೊಡನೆ, ವಿಂಡೋಸ್ ಇನ್ನೂ ಲೋಡ್ ಆಗದಿರುವಾಗಲೇ ಫ್ಯಾನ್ ತಿರುಗುತ್ತದೆ. ಬಯಾಸ್ ಪರದೆಯಲ್ಲೇ ಅದರ ಆರ್‌ಪಿಎಂ ಕಾಣುತ್ತದೆ. ಡೆಸ್ಕ್‌ಟಾಪಿನಲ್ಲಿ ಈ ಕೆಲಸ ಸಾಮಾನ್ಯವಾಗಿ ಮದರ್‌ಬೋರ್ಡಿನ ಸೂಪರ್ ಐಓ ಚಿಪ್‌ನದು. ಲ್ಯಾಪ್‌ಟಾಪಿನಲ್ಲಿ ಎಂಬೆಡೆಡ್ ಕಂಟ್ರೋಲರ್‌ನದು. ಚಿಪ್ ತಾನೇ ಶಾಖವನ್ನು ಓದಿ, ಬಯಾಸ್ ಕೊಟ್ಟ ಲೆಕ್ಕದಂತೆ ನಾಲ್ಕು ಪಿನ್ನಿನ ಫ್ಯಾನಿಗೆ ಸುಮಾರು 25 ಕಿಲೋಹರ್ಟ್ಸ್‌ನ ಸಂಕೇತ ಕಳಿಸುತ್ತದೆ. ಫ್ಯಾನ್ ಪ್ರತಿ ಸುತ್ತಿಗೆ ಎರಡು ಮಿಡಿತ ಹಿಂದಿರುಗಿಸುತ್ತದೆ. ಒಂದು ವೇಳೆ ಫ್ಯಾನ್ ಕೆಟ್ಟು ನಿಂತರೂ, ಪ್ರೊಸೆಸರ್ ತನ್ನ ಶಾಖದ ಮಿತಿ ಮುಟ್ಟಿದಾಗ (ಇಂಟೆಲ್‌ನ ಅನೇಕ ಮಾದರಿಗಳಲ್ಲಿ ಇದು 100 ಡಿಗ್ರಿ ಸೆಲ್ಸಿಯಸ್) ವೇಗ ಇಳಿಸಿಕೊಳ್ಳುತ್ತದೆ. ಅದಕ್ಕೂ ಮೀರಿದರೆ ಯಂತ್ರ ಆರಿಹೋಗುತ್ತದೆ. ಇದರಲ್ಲಿ ಯಾವುದಕ್ಕೂ ವಿಂಡೋಸಿನ ಡ್ರೈವರ್ ಬೇಕಿಲ್ಲ. ತಂತ್ರಾಂಶದಿಂದಲೇ ಬರಬಹುದಾದ ತೊಂದರೆ ಒಂದುಂಟು: ಅದು ಚಿಪ್ಪನ್ನು ಮ್ಯಾನುಯಲ್ ಸ್ಥಿತಿಗೆ ತಂದು ಫ್ಯಾನನ್ನು ನಿಧಾನಗೊಳಿಸಿರುವಾಗ ಅರ್ಧಕ್ಕೇ ಸತ್ತರೆ, ಫ್ಯಾನ್ ಅದೇ ವೇಗದಲ್ಲಿ ಉಳಿದುಬಿಡಬಹುದು. ಕಂಪ್ಯೂಟರನ್ನು ಪೂರ್ತಿ ಆರಿಸಿ ಮತ್ತೆ ಆನ್ ಮಾಡಿದರೆ ಹಿಡಿತ ಬಯಾಸ್‌ಗೆ ಮರಳುತ್ತದೆ.

ಇನ್ನು ಎಚ್ಚರಿಕೆಯ ವಿಷಯ. ಸೆನ್ಸರುಗಳ ಅಂಕಿ ಇರುವುದು ಹಾರ್ಡ್‌ವೇರ್ ಪೋರ್ಟುಗಳಲ್ಲಿ, ಪ್ರೊಸೆಸರಿನ ಒಳ ರಿಜಿಸ್ಟರುಗಳಲ್ಲಿ. ಸಾಮಾನ್ಯ ಪ್ರೋಗ್ರಾಮುಗಳಿಗೆ ಅಲ್ಲಿ ಪ್ರವೇಶವಿಲ್ಲ. ಕರ್ನಲ್ ಮಟ್ಟದಲ್ಲಿ ಕೂತ ವಿನ್‌ರಿಂಗ್‌ಝೀರೋ, ಕೇಳುತ್ತಿರುವವರು ಯಾರೆಂದು ವಿಚಾರಿಸದೆ ಆ ಪ್ರವೇಶ ಕೊಟ್ಟುಬಿಡುತ್ತದೆ. ಇದರಿಂದ ಕಡಿಮೆ ಅಧಿಕಾರದ ಪ್ರೋಗ್ರಾಮ್ ಕೂಡ ಇಡೀ ವ್ಯವಸ್ಥೆಯ ಒಡೆತನ ಪಡೆಯಬಲ್ಲದು ಎಂಬ ದೋಷ ಸಿವಿಇ-2020-14979 ಎಂಬ ಸಂಖ್ಯೆಯಲ್ಲಿ ದಾಖಲಾಗಿದೆ. ಡ್ರೈವರಿಗೆ ಡಿಜಿಟಲ್ ಸಹಿ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಸಹಿ ಹೇಳುವುದು ಅದು ಯಾರದು, ನಡುವೆ ತಿದ್ದಿಲ್ಲ ಎಂಬುದನ್ನಷ್ಟೆ. ದಾಳಿಕೋರರಿಗೂ ಬೇಕಾಗಿರುವುದು ಸಹಿ ಇದ್ದೂ ದೋಷವಿರುವ ಇಂಥ ಡ್ರೈವರುಗಳೇ. ಇಷ್ಟು ವರ್ಷ ಏನೂ ಆಗಲಿಲ್ಲವಲ್ಲ ಎಂಬ ವಾದ ಅರ್ಧ ಸರಿ: ಫ್ಯಾನ್ ತಂತ್ರಾಂಶಕ್ಕೆ ಕೆಟ್ಟ ಉದ್ದೇಶವಿರಲಿಲ್ಲ. ಆದರೆ ಅದು ತೆರೆದಿಟ್ಟ ಬಾಗಿಲಲ್ಲಿ ಬೇರೆ ಯಾರು ಬೇಕಾದರೂ ನುಗ್ಗಬಹುದಿತ್ತು.

ಇದೇ ಕೆಲಸಕ್ಕೆ ಲಿನಕ್ಸ್‌ನಲ್ಲಿ ಎನ್‌ಸಿಟಿ6775, ಐಟಿ87ನಂತೆ ಚಿಪ್ ಕುಟುಂಬಕ್ಕೊಂದು ಡ್ರೈವರ್ ಕರ್ನಲ್ಲಿನಲ್ಲೇ ಇದೆ. ಅವು ಹೊರಗೆ ಕೊಡುವುದು ಶಾಖ, ವೇಗ, ವೋಲ್ಟೇಜಿನಂಥ ಕೆಲವೇ ಸಂಗತಿಗಳನ್ನು. ಇದು ಹೆಚ್ಚು ಸರಿಯಾದ ದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಅಲ್ಲೂ ಒಂದು ಅಡ್ಡದಾರಿ ಜನಪ್ರಿಯ. ಚಿಪ್ಪಿನ ಪೋರ್ಟುಗಳು ತನ್ನವೆಂದು ಎಸಿಪಿಐ (ಬಯಾಸ್ ಒದಗಿಸುವ ಕೋಷ್ಟಕ ಮತ್ತು ಕೋಡ್) ಮೊದಲೇ ಹೇಳಿದ್ದರೆ ಕರ್ನಲ್ ಡ್ರೈವರನ್ನು ತಡೆಯುತ್ತದೆ. ಆಗ ಬೂಟ್ ಆಯ್ಕೆಯಲ್ಲಿ ಈ ತಪಾಸಣೆಯನ್ನೇ ಸಡಿಲಿಸಲು ಹೇಳಿಕೊಡುತ್ತಾರೆ. ಇಂಥ ಚಿಪ್ಪಿಗೆ ಮೊದಲು ವಿಳಾಸ, ಆಮೇಲೆ ಮೌಲ್ಯ ಬರೆಯಬೇಕು. ಈ ಎರಡರ ನಡುವೆ ಬಯಾಸ್‌ನ ಕೋಡ್ ಬೇರೆ ವಿಳಾಸ ಬರೆದರೆ, ಮೌಲ್ಯ ಬೇರೆಲ್ಲೋ ಹೋಗಿ ಕೂರುತ್ತದೆ. ಎಷ್ಟೋ ಏಸಸ್ ಬೋರ್ಡುಗಳಲ್ಲಿ ಕರ್ನಲ್ 5.17ರಿಂದ ಡ್ರೈವರ್ ಬಯಾಸ್ ಮೂಲಕವೇ ಓದಿಕೊಳ್ಳುತ್ತದೆ. ಸಡಿಲಿಸುವ ಅಗತ್ಯ ಅಲ್ಲಿಲ್ಲ.

ಹಾಗಾದರೆ ವಿಂಡೋಸಿನಲ್ಲಿ ಶಾಖ ನೋಡುವುದನ್ನೇ ಬಿಡಬೇಕೆ? ಬೇಡ. ಲಿಬ್ರೆ ಹಾರ್ಡ್‌ವೇರ್ ಮಾನಿಟರ್, ಫ್ಯಾನ್ ಕಂಟ್ರೋಲ್‌ಗಳ ಹೊಸ ಆವೃತ್ತಿಗಳು ಪಾನ್‌ಐಓ ಎಂಬ ಬೇರೆ ಡ್ರೈವರಿಗೆ ಬದಲಾಗಿವೆ. ಅದು ಸಹಿ ಮಾಡಿದ ಮಾಡ್ಯೂಲುಗಳು ಅನುಮತಿಸಿದಷ್ಟನ್ನೇ ನಡೆಸುತ್ತದೆ. ಬರೀ ಸದ್ದು ಕಡಿಮೆಯಾದರೆ ಸಾಕೆನ್ನುವವರು ಬಯಾಸ್‌ನಲ್ಲೇ ಫ್ಯಾನ್ ಕರ್ವ್ ಹೊಂದಿಸಬಹುದು. ತಂತ್ರಾಂಶ ನವೀಕರಿಸಿದರೂ ಹಿಂದೆ ಕೊಟ್ಟ ವಿನಾಯಿತಿ ಡಿಫೆಂಡರಿನ ಪಟ್ಟಿಯಲ್ಲಿ ಹಾಗೇ ಉಳಿದಿರುತ್ತದೆ; ಅದನ್ನು ನೀವೇ ಹೋಗಿ ತೆಗೆಯಬೇಕು.