ಗಂಗೆಗೊಂದು ವಾರ, ಗೌರಿಗೊಂದು ವಾರ

ಬನಶಂಕರಿ ಎರಡನೇ ಹಂತದಲ್ಲಿರುವ ನಮ್ಮ ಸೋದರತ್ತೆಯ ಮನೆಗೆ ಕಾವೇರಿ ಬರುವುದು ದಿನ ಬಿಟ್ಟು ದಿನ, ಬೆಳಗಿನ ಜಾವ ಐದೂವರೆಗೆ. ಹಳೇ ಮನೆ, ಸಂಪು ಚಿಕ್ಕದು. ನೀರು ಬೀಳುತ್ತಿರುವಾಗಲೇ ಮೋಟಾರು ಹಾಕಿ ಮೇಲಿನ ಟ್ಯಾಂಕಿಗೆ ಏರಿಸಿಕೊಂಡರಷ್ಟೇ ಎರಡು ದಿನಕ್ಕೆ ಸಾಲುತ್ತದೆ. ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪುಗಳ ಮೇಲೇರಿ ಬಂದ ನೀರು ಕೊನೆಯ ಮೂವತ್ತು ಅಡಿ ಹತ್ತುವುದಕ್ಕೆ ಅತ್ತೆ ನಿದ್ದೆಯಿಂದ ಏಳಬೇಕು.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನೀರಿನ ದಿನಕ್ಕೆ ಪೆನ್ಸಿಲಿನಿಂದ ಒಂದು ಸೊನ್ನೆ ಸುತ್ತುವುದು ಅವರ ಪದ್ಧತಿ. ಕಣ್ಣಿಗೆ ಪೊರೆ ಬಂದು ಸೊನ್ನೆಗಳು ಕಾಣದಾದಾಗ ನಾನು ಬುದ್ಧಿವಂತಿಕೆ ತೋರಿಸಲು ಹೋದೆ. ಅವರ ಫೋನಿಗೆ ಯಾವುದೋ ಉಚಿತ ರಿಮೈಂಡರ್ ಆ್ಯಪ್ ಇಳಿಸಿ, ಎರಡು ದಿನಕ್ಕೊಮ್ಮೆ ಬೆಳಗ್ಗೆ 5.25ಕ್ಕೆ ಕೂಗುವಂತೆ ಮಾಡಿ, ಕಾಫಿ ಕುಡಿದು ಜೆ.ಪಿ. ನಗರಕ್ಕೆ ವಾಪಸಾದೆ. ವಾರ ಕಳೆಯುವಷ್ಟರಲ್ಲಿ ಅತ್ತೆಯ ಫೋನು. “ನಿನ್ನ ಯಂತ್ರ ಮೂರು ಸಲ ಕೂಗ್ತು ಕಣೋ. ನಾಲ್ಕನೇ ಸಲ ಕೂಗಿದ್ದು ಏಳೂ ಕಾಲಿಗೆ, ನಾನು ಎದ್ದು ಫೋನು ಕೈಗೆ ತಗೊಂಡ ಮೇಲೆ. ಟ್ಯಾಂಕಲ್ಲಿ ಒಂದು ಚೊಂಬು ನೀರಿಲ್ಲ.”

‘ಎದ್ದು ಫೋನು ಕೈಗೆ ತಗೊಂಡ ಮೇಲೆ’ ಎಂಬ ಮಾತಿನಲ್ಲೇ ರೋಗದ ಗುರುತಿತ್ತು. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಫೋನಿಗೆ ‘ಡೋಜ್’ ಎಂಬ ತೂಕಡಿಕೆ ಕಲಿಸಿದ್ದಾರೆ. ಚಾರ್ಜರ್ ಇಲ್ಲದೆ, ಪರದೆ ಆರಿ, ಅಲುಗಾಡದೆ ಒಂದಷ್ಟು ಹೊತ್ತು ಬಿದ್ದಿದ್ದರೆ ಅದು ಬ್ಯಾಟರಿ ಉಳಿಸಲು ಆ್ಯಪ್‌ಗಳ ಕೆಲಸವನ್ನೆಲ್ಲ ತಡೆಹಿಡಿದು, ಆಗಾಗ ಒಂದು ಗಳಿಗೆ ಕಣ್ಣು ಬಿಟ್ಟು ಬಾಕಿ ಇದ್ದದ್ದನ್ನು ಒಟ್ಟಿಗೆ ಮುಗಿಸುತ್ತದೆ. ಬೆಳಗಿನ ಜಾವ ದಿಂಬಿನ ಪಕ್ಕ ಮಲಗಿರುವ ಫೋನಿನ ಸ್ಥಿತಿ ಸರಿಯಾಗಿ ಇದೇ. ಇದು ಸಾಲದೆಂದು ಕೆಲವು ಫೋನ್ ಕಂಪನಿಗಳು ತಮ್ಮ ಕಡೆಯಿಂದಲೂ ಬಿಗಿ ಹಾಕುತ್ತವೆ. ನಾಲ್ಕು ದಿನ ತೆರೆಯದ ಆ್ಯಪ್‌ನ ಕತ್ತು ಹಿಸುಕುತ್ತವೆ. ಬ್ಯಾಟರಿ ಎರಡು ದಿನ ಬರುತ್ತದೆ ಎಂಬ ಜಾಹೀರಾತಿನ ಬೆಲೆಯನ್ನು ನಮ್ಮತ್ತೆಯ ಟ್ಯಾಂಕು ತೆತ್ತಿತು.

ಹಾಗಂತ ದಾರಿ ಇಲ್ಲದಿಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಪುಟ ತೆರೆದು ಬ್ಯಾಟರಿ ಎಂಬಲ್ಲಿ ‘ಅನ್‌ರಿಸ್ಟ್ರಿಕ್ಟೆಡ್’ ಆರಿಸಬೇಕು. ‘ಆಟೋಸ್ಟಾರ್ಟ್’ ಎಂಬ ಗುಂಡಿ ಇರುವ ಫೋನಾದರೆ ಅದನ್ನೂ ಒತ್ತಬೇಕು, ಇಲ್ಲದಿದ್ದರೆ ಫೋನು ಆರಿಸಿ ಹಚ್ಚಿದ ಮೇಲೆ ರಿಮೈಂಡರ್ ಏಳುವುದೇ ಇಲ್ಲ. ಆಂಡ್ರಾಯ್ಡ್ 12ರಿಂದ ‘ಅಲಾರಮ್ಸ್ ಅಂಡ್ ರಿಮೈಂಡರ್ಸ್’ ಎಂಬ ಪ್ರತ್ಯೇಕ ಅನುಮತಿ ಬಂದಿದೆ. ಹೇಳಿದ ನಿಮಿಷಕ್ಕೇ ಕೂಗುವ ಹಕ್ಕು ಅದು. 14ರಲ್ಲಂತೂ ಹೊಸದಾಗಿ ಇಳಿಸಿದ ಎಷ್ಟೋ ಆ್ಯಪ್‌ಗಳಿಗೆ ಈ ಹಕ್ಕು ತಾನಾಗಿ ಸಿಗುವುದಿಲ್ಲ, ನಾವೇ ಕೊಡಬೇಕು. ತಿಂಗಳುಗಟ್ಟಲೆ ಬಳಸದ ಆ್ಯಪ್‌ನ ಅನುಮತಿಗಳನ್ನು ಫೋನು ವಾಪಸು ಕಿತ್ತುಕೊಳ್ಳುವುದೂ ಉಂಟು. ಇಷ್ಟೆಲ್ಲ ಮಾಡಿದ ಮೇಲೂ ಒಂದು ರಾತ್ರಿ ಚಾರ್ಜರ್ ಇಲ್ಲದೆ ಮಲಗಿಸಿ, ಬೆಳಗ್ಗೆ ಕೂಗಿತೇ ನೋಡಬೇಕು. ಐದು ನಿಮಿಷ ಮುಂದಕ್ಕೆ ಇಟ್ಟು ಪರೀಕ್ಷೆ ಮಾಡಿದರೆ ಏನೂ ತಿಳಿಯುವುದಿಲ್ಲ, ಆಗ ಫೋನು ಎಚ್ಚರವಾಗಿಯೇ ಇರುತ್ತದೆ.

ಎಪ್ಪತ್ತು ದಾಟಿದವರ ಫೋನಿನಲ್ಲಿ ಇಷ್ಟೊಂದು ಗುಂಡಿಗಳನ್ನು ಕಾಪಾಡಿಕೊಂಡು ಬರುವುದಕ್ಕಿಂತ ಫೋನಿನ ಜೊತೆಗೇ ಬಂದ ಗಡಿಯಾರದ ಅಲಾರಂ ಬಳಸುವುದು ವಾಸಿ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಡೋಜ್ ಅಡ್ಡ ಬರುವುದಿಲ್ಲ. ಹೊತ್ತು ಹತ್ತಿರವಾದಂತೆ ಫೋನೇ ಎದ್ದು ಕೂರುತ್ತದೆ. ರಿಂಗ್‌ಟೋನ್ ಸೈಲೆಂಟಿನಲ್ಲಿದ್ದರೂ ಅಲಾರಂಗೆ ಬೇರೆಯದೇ ವಾಲ್ಯೂಮ್ ಇರುತ್ತದೆ. ಐಫೋನಿನಲ್ಲೂ ಗಡಿಯಾರದ ಅಲಾರಂ ಸೈಲೆಂಟನ್ನು ಲೆಕ್ಕಿಸುವುದಿಲ್ಲ. ಮಾಮೂಲಿ ರಿಮೈಂಡರ್ ಮಾತ್ರ ಲೆಕ್ಕಿಸುತ್ತದೆ. ಅಲಾರಂಗಳೂ ಎಡವಿಲ್ಲವೆಂದಲ್ಲ. 2011ರ ಜನವರಿ 1 ಮತ್ತು 2ರಂದು ಜಗತ್ತಿನ ಎಷ್ಟೋ ಐಫೋನುಗಳು ಕೂಗಲೇ ಇಲ್ಲ. ಆದರೆ ಕೈಕೊಟ್ಟದ್ದು ಒಂದು ಸಲಕ್ಕೆಂದು ಇಟ್ಟ ಅಲಾರಂ. ಪದೇ ಪದೇ ಕೂಗುವಂತೆ ಇಟ್ಟವು ಸರಿಯಾಗಿಯೇ ಕೂಗಿದವು.

ತೊಡಕು ಬೇರೆ ಕಡೆ ಇದೆ. ಗಂಟಲು ಗಟ್ಟಿಯಿರುವ ಗಡಿಯಾರಕ್ಕೆ ಲೆಕ್ಕ ಬರುವುದಿಲ್ಲ, ಲೆಕ್ಕ ಬರುವ ಫೋನಿನ ಕ್ಯಾಲೆಂಡರ್ ಆ್ಯಪ್‌ಗೆ ಗಂಟಲಿಲ್ಲ. ಗಡಿಯಾರಕ್ಕೆ ಗೊತ್ತಿರುವುದು ಸೋಮವಾರದಿಂದ ಭಾನುವಾರದವರೆಗಿನ ಏಳು ಮನೆ ಮಾತ್ರ. ನಮ್ಮ ಬದುಕಿನ ಆವರ್ತನೆಗಳು ಆ ಏಳು ಮನೆಯೊಳಗೆ ಕೂರುತ್ತವೆಯೇ?

ಪ್ರೀಪೇಯ್ಡ್ ರೀಚಾರ್ಜನ್ನೇ ತೆಗೆದುಕೊಳ್ಳಿ. ‘ತಿಂಗಳ ಪ್ಲಾನು’ ಎಂದು ಬಾಯಲ್ಲಿ ಹೇಳಿದರೂ ಹೆಚ್ಚಿನವು 28 ದಿನದವು. 28ನ್ನು 13ರಿಂದ ಗುಣಿಸಿದರೆ 364. ಎಂದರೆ ವರ್ಷಕ್ಕೆ ಹದಿಮೂರು ‘ತಿಂಗಳು’. ಈ ಬಗ್ಗೆ ದೂರು ಹೆಚ್ಚಿ, 2022ರಲ್ಲಿ ಟ್ರಾಯ್ 30 ದಿನದ ಒಂದು ಪ್ಲಾನು, ಪ್ರತಿ ತಿಂಗಳು ಅದೇ ತಾರೀಕಿಗೆ ಬರುವ ಇನ್ನೊಂದು ಪ್ಲಾನು ಇರಲೇಬೇಕೆಂದು ಕಂಪನಿಗಳಿಗೆ ಹೇಳಿತು. 28 ದಿನದವರು ಕ್ಯಾಲೆಂಡರಿನಲ್ಲಿ ‘ಮಂತ್ಲಿ’ ಒತ್ತಬಾರದು, ‘ನಾಲ್ಕು ವಾರಕ್ಕೊಮ್ಮೆ’ ಎನ್ನಬೇಕು. ತಾರೀಕು ಜಾರುತ್ತದೆ, ವಾರ ಜಾರುವುದಿಲ್ಲ.

ಇದಕ್ಕಿಂತ ಗಂಭೀರವಾದದ್ದು ಔಷಧದ ಲೆಕ್ಕ. ಜಯನಗರ 9ನೇ ಬ್ಲಾಕಿನ ಜಯದೇವದಂಥ ಹೃದ್ರೋಗ ಆಸ್ಪತ್ರೆಗಳಿಗೆ ಬರುವವರಲ್ಲಿ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಟ್ಟವರಿರುತ್ತಾರೆ, ಅವರಲ್ಲಿ ಎಷ್ಟೋ ಮಂದಿ ಶಾಲೆಗೆ ಹೋಗುವ ವಯಸ್ಸಿನವರು. ಜ್ವರ ಮರುಕಳಿಸದಂತೆ ಅವರಿಗೆ ಪೆನಿಸಿಲಿನ್ ಇಂಜೆಕ್ಷನ್ ಬೀಳಬೇಕಾದದ್ದು 21 ದಿನಕ್ಕೊಮ್ಮೆ, ಅದೂ ವರ್ಷಗಟ್ಟಲೆ. ‘ತಿಂಗಳಿಗೊಂದು’ ಎಂದು ನೆನಪಿಟ್ಟ ತಾಯಿ ಪ್ರತಿ ಸಲ ಒಂಬತ್ತು ಹತ್ತು ದಿನ ತಡ ಮಾಡಿದಂತಾಯಿತು. ‘ಮೂರು ವಾರಕ್ಕೊಮ್ಮೆ, ಶನಿವಾರ’ ಎಂದು ಇಟ್ಟರೆ ಶಾಲೆಯೂ ಹೆಚ್ಚು ತಪ್ಪುವುದಿಲ್ಲ. ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಂದೇ ದಿನ. ಅದನ್ನು ದಿನವೂ ನುಂಗಿದರೆ ಪ್ರಾಣಕ್ಕೇ ಸಂಚಕಾರ. ಅಂಥ ಮಾತ್ರೆಯ ರಿಮೈಂಡರ್‌ಗೆ ‘ಮಾತ್ರೆ’ ಎಂದಷ್ಟೇ ಹೆಸರಿಟ್ಟರೆ ಬೇಜವಾಬ್ದಾರಿ. ಮಾತ್ರೆಯ ಹೆಸರು, ವಾರ ಎರಡೂ ಪರದೆಯ ಮೇಲೆ ಬರಬೇಕು. ಇನ್ನು ವಾರಕ್ಕೊಂದರಂತೆ ಎಂಟು ವಾರ ಎಂದು ಬರೆದುಕೊಟ್ಟ 60,000 ಯೂನಿಟ್ಟಿನ ವಿಟಮಿನ್ ಡಿ ಪುಡಿ. ನನ್ನ ಗೆಳೆಯನೊಬ್ಬ ಫೋನು ಹೇಳುತ್ತಿದೆಯಲ್ಲ ಎಂದು ಅದನ್ನು ಐದು ತಿಂಗಳು ಕುಡಿದ. ಕ್ಯಾಲೆಂಡರಿನಲ್ಲಿ ಎಷ್ಟು ಸಲವಾದ ಮೇಲೆ ನಿಲ್ಲಬೇಕೆಂದು ಹೇಳುವ ಜಾಗ ಇದೆ. ಶುರು ಮಾಡುವ ಉತ್ಸಾಹದಲ್ಲಿ ಯಾರೂ ಅಲ್ಲಿಗೆ ಹೋಗುವುದಿಲ್ಲ.

31ನೇ ತಾರೀಕಿನ ಕಥೆ ಇನ್ನೂ ತಮಾಷೆಯದು. ‘ಪ್ರತಿ ತಿಂಗಳು 31’ ಎಂದರೆ ಗೂಗಲ್ ಕ್ಯಾಲೆಂಡರ್ ವರ್ಷಕ್ಕೆ ಐದು ತಿಂಗಳು ಸುಮ್ಮನಿದ್ದುಬಿಡುತ್ತದೆ. ಆ ತಿಂಗಳುಗಳಲ್ಲಿ 31 ಇಲ್ಲವಲ್ಲ, ನನ್ನದೇನು ತಪ್ಪು ಎನ್ನುತ್ತದೆ. ಬಾಡಿಗೆ, ಚೀಟಿ ದುಡ್ಡು ಇವಕ್ಕೆಲ್ಲ 28ರೊಳಗಿನ ತಾರೀಕು ಕ್ಷೇಮ. ಏಪ್ರಿಲ್‌ನೊಳಗೆ ಪೂರ್ತಿ ಕಟ್ಟಿದವರಿಗೆ ಶೇ. 5 ರಿಯಾಯಿತಿ ಸಿಗುತ್ತ ಬಂದಿರುವ ಆಸ್ತಿ ತೆರಿಗೆಯಂಥ ವರ್ಷದ ಬಾಬತ್ತಿಗೆ ಗೂಗಲ್ ಖಾತೆಯ ಕ್ಯಾಲೆಂಡರೇ ಸರಿ. ಫೋನು ಬದಲಾದರೂ ಖಾತೆಯ ಹಿಂದೆಯೇ ಅದು ಹೊಸ ಫೋನಿಗೆ ಬರುತ್ತದೆ.

ಗಡಿಯಾರದ ಅಲಾರಂ ತಲೆಯೆತ್ತಿ ನಿಲ್ಲುವುದು ಬನಶಂಕರಿ ದೇವಸ್ಥಾನದ ವಿಷಯದಲ್ಲಿ. ಬೇರೆ ದೇವರುಗಳ ಭಕ್ತರು ರಾಹುಕಾಲ ಕಳೆಯಲಿ ಎಂದು ಕಾದರೆ, ಇಲ್ಲಿ ರಾಹುಕಾಲ ಬರಲಿ ಎಂದು ಕಾಯುತ್ತಾರೆ. ನಿಂಬೆಹಣ್ಣಿನ ಹೋಳು ಮಗುಚಿ ದೀಪ ಹಚ್ಚುವ ಹೊತ್ತು ಮಂಗಳವಾರ ಮೂರರಿಂದ ನಾಲ್ಕೂವರೆ, ಶುಕ್ರವಾರ ಹತ್ತೂವರೆಯಿಂದ ಹನ್ನೆರಡು, ಭಾನುವಾರ ನಾಲ್ಕೂವರೆಯಿಂದ ಆರು. ವಾರ ಬೇರೆ, ಹೊತ್ತು ಬೇರೆ. ಆದರೆ ಎಲ್ಲವೂ ಏಳು ಮನೆಯೊಳಗಿನ ಲೆಕ್ಕ. ಮೂರು ಅಲಾರಂ ಇಟ್ಟರೆ ಮುಗಿಯಿತು.

ಅದೇ ಅತ್ತೆಯ ಸಂಕಷ್ಟಿಯ ಮುಂದೆ ಗಡಿಯಾರ, ಕ್ಯಾಲೆಂಡರ್ ಎರಡೂ ಮಂಕು. ಚಂದ್ರೋದಯದ ಹೊತ್ತಿಗೆ ಚೌತಿ ಇರಬೇಕು. ಚಂದ್ರ ಏಳುವ ಗಳಿಗೆಯೂ ಸಲಕ್ಕೊಂದು. ಮಾವನ ತಿಥಿಯನ್ನು ನಾನು ‘ವರ್ಷಕ್ಕೊಮ್ಮೆ’ ಎಂದು ತಾರೀಕು ನೋಡಿ ಹಾಕಿದ್ದಕ್ಕೆ, “ನಿಮ್ಮ ಮಾವ ಇಂಗ್ಲಿಷ್ ಡೇಟಿಗೆ ಬರ್ತಾರೇನೋ?” ಎಂದು ಕೇಳಿದ್ದರು. ಯುಗಾದಿಯನ್ನೇ ನೋಡಿ: 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19. ನಡುವೆ ಅಧಿಕ ಜ್ಯೇಷ್ಠ ಬಂದು 2027ಕ್ಕೆ ಮತ್ತೆ ಏಪ್ರಿಲ್ 7ಕ್ಕೆ ನೆಗೆತ. ‘ಇಷ್ಟು ದಿನಕ್ಕೊಮ್ಮೆ’ ಎಂಬ ಯಾವ ಗುಂಡಿಯೂ ಇದನ್ನು ಹಿಡಿಯಲಾರದು. ಹಾಗಾಗಿ ಯುಗಾದಿಯ ಮಾರನೇ ದಿನ ಒಂಟಿಕೊಪ್ಪಲ್ ಪಂಚಾಂಗ ಮುಂದಿಟ್ಟುಕೊಂಡು ಕೂರುತ್ತೇವೆ. ಅತ್ತೆ ಓದುತ್ತಾರೆ, ನಾನು ಒಂದೊಂದೇ ಕುಟ್ಟುತ್ತೇನೆ: ಹನ್ನೆರಡು ಸಂಕಷ್ಟಿ, ಅಧಿಕ ಮಾಸ ಬಂದರೆ ಹದಿಮೂರು, ಜೊತೆಗೆ ಮಾವನದು, ಅಜ್ಜ ಅಜ್ಜಿಯದು. ಒಂದು ಗಂಟೆಯ ಕೆಲಸ, ಎರಡು ಲೋಟ ಕಾಫಿ.

ಬಿ.ಪಿ. ಮಾತ್ರೆಗೆ ಮಾತ್ರ ಅತ್ತೆ ಅಲಾರಂ ಬೇಡವೆಂದರು, ನಾನೂ ಒತ್ತಾಯ ಮಾಡಲಿಲ್ಲ. ದಿನಾ ಕೂಗುವ ಸದ್ದು ಹದಿನೈದು ದಿನಕ್ಕೆ ಕಿವಿಗೆ ಬೀಳುವುದು ನಿಲ್ಲುತ್ತದೆ. ಕೈ ತಾನಾಗಿ ಹೋಗಿ ಆರಿಸುತ್ತದೆ. ಆರಿಸಿದ್ದೇ ಮಾತ್ರೆ ನುಂಗಿದ ಹಾಗೆ ಅನ್ನಿಸುತ್ತದೆ. ದಿನದ ರೂಢಿಗೆ ಕಟ್ಟಿದ್ದೇ ನೆನಪಿರುವುದು. ಹಿಂದೆ ರೇಡಿಯೋದಲ್ಲಿ 6.55ರ ಸಂಸ್ಕೃತ ವಾರ್ತೆ ಶುರುವಾದರೆ ನಮ್ಮನ್ನು ಬಚ್ಚಲಿಗೆ ಅಟ್ಟುತ್ತಿದ್ದರು. ವಾರ್ತೆ ಅರ್ಥವಾಗುತ್ತಿರಲಿಲ್ಲ, ಹೊತ್ತು ಅರ್ಥವಾಗುತ್ತಿತ್ತು. ಈಗ ಕಾಫಿ ಫಿಲ್ಟರಿನ ಪಕ್ಕದಲ್ಲಿ ಏಳು ಖಾನೆಯ ಮಾತ್ರೆ ಡಬ್ಬಿ ಇದೆ. ನುಂಗಿದರೋ ಇಲ್ಲವೋ ಎಂಬ ಅನುಮಾನ ಬಂದರೆ ಖಾಲಿ ಖಾನೆಯೇ ಸಾಕ್ಷಿ. ಯಾವ ಆ್ಯಪ್ ಕೂಡ ಇಷ್ಟು ಖಚಿತವಾಗಿ ಸಾಕ್ಷಿ ಹೇಳದು.

ಇನ್ನು ನೀರು. ದಿನ ಬಿಟ್ಟು ದಿನ ಎಂಬ ಲೆಕ್ಕವನ್ನು ಏಳು ಮನೆಯ ಗಡಿಯಾರಕ್ಕೆ ಕಲಿಸುವ ಉಪಾಯ ಹೊಳೆದದ್ದು ಅತ್ತೆಯ ಪೆನ್ಸಿಲ್ ಸೊನ್ನೆಗಳನ್ನು ನೋಡುತ್ತಿದ್ದಾಗ. ಒಂದು ವಾರ ಸೋಮ, ಬುಧ, ಶುಕ್ರ, ಭಾನು. ಮುಂದಿನ ವಾರ ಮಂಗಳ, ಗುರು, ಶನಿ. ಆಮೇಲೆ ಮತ್ತೆ ಸೋಮ. ಇರುವುದು ಎರಡೇ ವಾರ! ಎರಡು ಅಲಾರಂ ಇಟ್ಟು, ಭಾನುವಾರ ರಾತ್ರಿ ಒಂದನ್ನು ಆರಿಸಿ ಇನ್ನೊಂದನ್ನು ಹಚ್ಚಿದರಾಯಿತು. ನಾನು ‘ಎ’, ‘ಬಿ’ ಎಂದು ಹೆಸರಿಟ್ಟಿದ್ದೆ. ಅತ್ತೆ ಅಳಿಸಿ ‘ಗಂಗೆ’, ‘ಗೌರಿ’ ಎಂದು ಬರೆಸಿದರು. ಇಬ್ಬರೂ ಒಟ್ಟಿಗೆ ಎದ್ದರೆ ಜಗಳ, ಅದಕ್ಕೆ ಒಬ್ಬಳನ್ನು ಮಲಗಿಸಿಯೇ ಇನ್ನೊಬ್ಬಳನ್ನು ಎಬ್ಬಿಸಬೇಕು ಎಂಬುದು ಅವರು ಮಾಡಿಕೊಂಡ ಕಟ್ಟಳೆ.

ಮೊನ್ನೆ ಎಲ್ಲೋ ಪೈಪು ಒಡೆದು ಬುಧವಾರದ ನೀರು ಬರಲಿಲ್ಲ, ಗುರುವಾರ ಬಂತು. ಪಾಳಿಯೇ ಒಂದು ದಿನ ಮುಂದಕ್ಕೆ ಹೋಯಿತು. ಇದನ್ನು ಸರಿಪಡಿಸುವುದು ಹೇಗೆಂದು ನಾನು ಹೇಳಿಕೊಟ್ಟಿರಲಿಲ್ಲ, ಯೋಚಿಸಿಯೂ ಇರಲಿಲ್ಲ. ಶುಕ್ರವಾರ ಸಂಜೆ ಫೋನು ಮಾಡಿ ಕೇಳಿದರೆ, “ಅಯ್ಯೋ, ಅದೇನು ಮಹಾ! ಗಂಗೇನ ಮಲಗಿಸಿ ಗೌರೀನ ಎಬ್ಬಿಸಿದೀನಿ. ನಾಳೆ ಐದೂ ಇಪ್ಪತ್ತೈದಕ್ಕೆ ಕೂಗ್ತಾಳೆ, ಬೇಕಾದ್ರೆ ಬಂದು ಕೇಳು” ಎಂದರು.