‘ಕೇಳು’ವಿಗೆ ‘ಹೇಳು’ ಪ್ರಾಸವಾಗದ ಕಾಲ

ಸವದತ್ತಿಯ ಹತ್ತಿರದ ಹೂಲಿಗೆ ಶಾಸನಗಳಲ್ಲಿ ಪೂಲಿ ಎಂದು ಹೆಸರು. ಪಕಾರ ಹಕಾರವಾದ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಆ ಎರಡು ಧ್ವನಿಗಳೂ ನಮ್ಮ ಬಾಯಲ್ಲಿ ಇನ್ನೂ ಇವೆ. ಬಾಯಿಂದಲೇ ಹೋಗಿಬಿಟ್ಟ ಧ್ವನಿಗಳ ವಿಚಾರ ಬೇರೆ.

ಸವದತ್ತಿ, ಅಂದಿನ ಸುಗಂಧವರ್ತಿ, ರಟ್ಟ ಅರಸರ ರಾಜಧಾನಿ. ಅವರ ನಾಡು ‘ಕೂಂಡಿ ಮೂಱುಸಾಸಿರ’. ಈಗ ರಾಮದುರ್ಗ ತಾಲ್ಲೂಕಿನಲ್ಲಿರುವ ತೊರಗಲ್ಲಿನ ಸುತ್ತಿನ ಸೀಮೆ ‘ಆಱುಸಾಸಿರ’. ಇಲ್ಲಿಯ ಱ ನಮ್ಮ ರ ಅಲ್ಲ. ವ್ಯಾಕರಣಕಾರರು ಇದನ್ನು ಶಕಟರೇಫ ಎಂದರು. ಎಮ್ಮೆ ‘ಕಱೆ’ಯುವುದು ಬೇರೆ, ನೆಂಟರನ್ನು ‘ಕರೆ’ಯುವುದು ಬೇರೆ, ಅಂದಿನ ಕಿವಿಗೆ ಗೊಂದಲವಿರಲಿಲ್ಲ.

ಇನ್ನೂ ಸ್ವಾರಸ್ಯದ್ದು ೞ, ಅಂದರೆ ರಳ. ಮೞೆ, ಕೋೞಿ, ಪೞೆಯ, ಪೇೞ್. ‘ಕೇಳ್’ನಲ್ಲಿದ್ದದ್ದು ಮಾತ್ರ ಸಾದಾ ಳ. ಹಾಗಾಗಿ ಕಟ್ಟುನಿಟ್ಟಿನ ಹಳಗನ್ನಡ ಕವಿಗೆ ಕೇಳುವುದೂ ಹೇಳುವುದೂ ಪ್ರಾಸಕ್ಕೆ ಕೂಡುತ್ತಿರಲಿಲ್ಲ.

ಧ್ವನಿಮುದ್ರಣ ಇಲ್ಲದ ಕಾಲದ ಸದ್ದು ಇಂದು ಗೊತ್ತಾಗುವುದು ಹೇಗೆ? ಅದು ಎಲ್ಲಿಗೆ ಹೋಯಿತು ಎಂದು ನೋಡಬೇಕು. ಸ್ವರದ ಮುಂದೆ ೞ ಹೋಗಿ ಳ ಆಯಿತು: ಮಳೆ, ಕೋಳಿ. ವ್ಯಂಜನದ ಮುಂದೆ ರ ಆಯಿತು: ಗೞ್ದೆ ಮೊದಲು ಗರ್ದೆ, ಆಮೇಲೆ ಗದ್ದೆ. ಒಂದು ಕಡೆ ಳ, ಇನ್ನೊಂದು ಕಡೆ ರ ಆಗಬಲ್ಲ ಧ್ವನಿ ಅವೆರಡರ ನಡುವಿನದೇ ಇರಬೇಕು. ತಮಿಳು, ಮಲಯಾಳಗಳು ಇದಕ್ಕೆ ಸಾಕ್ಷಿ: ಕೇರಳದವರು ಕೋೞಿಕ್ಕೋಡ್ ಎನ್ನುವಾಗ ನಾಲಿಗೆಯ ತುದಿ ಹಿಂದಕ್ಕೆ ಮಡಚಿ ಮೇಲೇಳುತ್ತದೆ, ಆದರೆ ಅಂಗುಳಕ್ಕೆ ತಾಗುವುದಿಲ್ಲ.

ಶಾಸನ ಕೆತ್ತುವವನ ತಪ್ಪೂ ಉಪಕಾರಿಯೇ. ೞ ಬರಬೇಕಾದಲ್ಲಿ ಳ ಕೆತ್ತಿದ್ದರೆ ಅವನ ಕಿವಿಗೆ ವ್ಯತ್ಯಾಸ ಕೇಳುತ್ತಿರಲಿಲ್ಲ ಎಂದಾಯಿತು. ಸುಮಾರು 1260ರ ಹೊತ್ತಿಗೆ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ೞ ಇರುವ ಮಾತುಗಳ ಪಟ್ಟಿಯನ್ನೇ ಕೊಟ್ಟ. ಎಲ್ಲರ ಬಾಯಲ್ಲಿ ಇರುವುದಕ್ಕೆ ಯಾರೂ ಪಟ್ಟಿ ಮಾಡುವುದಿಲ್ಲ! (ಕಂಪ್ಯೂಟರಿನ ಯುನಿಕೋಡ್‌ನಲ್ಲಿ ಈ ಅಕ್ಷರಕ್ಕೆ ತಪ್ಪಾಗಿ ‘ಫ’ ಎಂಬ ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಅಲ್ಲಿ ಬದಲಿಸುವಂತಿಲ್ಲ.)

ಕಳೆದ ಸದ್ದು ಹುಡುಕುವ ವಿಷಯದಲ್ಲಿ ತೈವಾನಿನ ಸಿರಾಯ ಭಾಷೆಯ ಪಾಡು ಕನ್ನಡದ್ದಕ್ಕಿಂತ ಕಷ್ಟದ್ದು. 19ನೆಯ ಶತಮಾನದಲ್ಲಿ ಅದು ಆಡುಮಾತಾಗಿ ನಿಂತೇಹೋಯಿತು. ಉಳಿದದ್ದರಲ್ಲಿ ಮುಖ್ಯವಾದವು ಡಚ್ ಪಾದ್ರಿ ಡೇನಿಯಲ್ ಗ್ರಾವಿಯಸ್ 1661ರಲ್ಲಿ ಅಚ್ಚು ಹಾಕಿಸಿದ ಮತ್ತಾಯನ ಸುವಾರ್ತೆ ಮತ್ತು ಒಂದಷ್ಟು ಜಮೀನಿನ ಕರಾರುಪತ್ರಗಳು. ಪರಕೀಯರ ಲಿಪಿಯಲ್ಲಿ ಉಳಿದ ಸದ್ದನ್ನು ಭಾಷಾವಿಜ್ಞಾನಿಗಳು ಆ ದ್ವೀಪದ ಸೋದರ ಭಾಷೆಗಳ ಜೊತೆ ಒರೆಹಚ್ಚಿ ವ್ಯಾಕರಣ ಕಟ್ಟಿದರು. ನಮ್ಮ ದಾನಶಾಸನಗಳೂ ಹೊಲ, ತೋಟದ ಲೆಕ್ಕವೇ. ಆದರೆ ಅವು ಆ ಮಾತಿನದೇ ಲಿಪಿಯಲ್ಲಿವೆ.

ಆ ಶಾಸನಗಳ ಕನ್ನಡದಲ್ಲಿ ಮಾತು ವ್ಯಂಜನಕ್ಕೇ ನಿಲ್ಲಬಹುದಿತ್ತು: ಕಲ್, ಕಣ್, ಬಿಟ್ಟರ್. ನಾವು ಕೊನೆಗೆ ಉಕಾರ ಸೇರಿಸಿಕೊಂಡೆವು. ಸಪ್ತಮಿಗೆ ‘ಒಳ್’ ಇತ್ತು: ಊರೊಳ್. ಪಠ್ಯಪುಸ್ತಕದ ಕನ್ನಡ ಅದನ್ನು ಬಿಟ್ಟು ‘ಊರಲ್ಲಿ’ ಎನ್ನುತ್ತದೆ. ಬೈಲಹೊಂಗಲದ ಸಂತೆಯಲ್ಲಿ ಕೇಳುವ ‘ಊರಾಗ’, ‘ಮನಿಯಾಗ’ಗಳ ‘ಆಗ’ ಬಂದದ್ದು ‘ಒಳಗೆ’ಯಿಂದ. ಈ ವಿಷಯದಲ್ಲಿ ಕಲ್ಲಿನ ಕನ್ನಡಕ್ಕೆ ಹತ್ತಿರದ ನೆಂಟಸ್ತಿಕೆ ಈ ಸಂತೆಯ ಮಾತಿನದೇ.