ಅಂಗೈಯಲ್ಲಿ ಹಳೆಯ ಗಣಕಯಂತ್ರ

ನಮ್ಮ ತೀರ್ಥರೂಪರವರು ಮನೆಯ ಜಮಾಖರ್ಚನ್ನು ಲೋಟಸ್ ೧-೨-೩ ಎಂಬ, ಡಾಸ್ ಕಾಲದ ಲೆಕ್ಕದ ಪ್ರೋಗ್ರಾಮಿನಲ್ಲಿ ಬರೆದಿಡುತ್ತಿದ್ದರು. ಅವರ ಗಣಕಯಂತ್ರವು ಕೆಟ್ಟುಹೋಗಲು, ಸಿ.ಡಿ.ಯಲ್ಲಿ ಉಳಿದಿದ್ದ ಪ್ರತಿಯು ಬೀಗದ ಕೈ ಕಳೆದ ಪೆಟ್ಟಿಗೆಯಂತಾಯಿತು. ಕಡೆಗೆ ಅದು ತೆರೆದುದು ನಮ್ಮ ಆಂಡ್ರಾಯ್ಡ್ ಮೊಬೈಲಿನಲ್ಲಿ! ಇಂಟೆಲ್ ಮಾದರಿಯ ಯಂತ್ರಕ್ಕೆಂದು ಬರೆದ ಆಜ್ಞೆಗಳು ಮೊಬೈಲಿನ ಆರ್ಮ್ ಪ್ರೊಸೆಸರಿಗೆ ತಿಳಿಯವಷ್ಟೆ. ೨೦೦೨ರಲ್ಲಿ ಹೊರಬಂದ ಡಾಸ್‌ಬಾಕ್ಸ್ ಎಂಬುದು ದುಭಾಷಿಯಂತೆ ನಡುವೆ ನಿಂತು ಅವನ್ನು ತಿರುಗಿಸಿ ಹೇಳುವುದಲ್ಲದೆ, ಹಳೆಯ ಪರದೆ, ಕೀಲಿಮಣೆ, ಡಿಸ್ಕುಗಳ ವೇಷವನ್ನೂ ತಾನೇ ತಾಳುವುದು. ಇದರಿಂದ ಬ್ಯಾಟರಿಯು ಬೇಗ ತೀರುವುದು ನಿಜ. ಆದರೆ ನಮ್ಮನ್ನು ಕಾಡಿದುದು ಬೇರೆ. ಮೆನುವಿಗೆ ಓರೆಗೆರೆಯ ಕೀಲಿಯನ್ನೊತ್ತಬೇಕು. ಗಾಜಿನ ಮೇಲೆ ಮೂಡುವ ಕೀಲಿಮಣೆಯೋ ಅರ್ಧ ಲೆಕ್ಕವನ್ನೇ ಮುಚ್ಚುವುದು! ಹೊರಗಿನ ಕೀಲಿಮಣೆಯನ್ನು ಜೋಡಿಸಿದ ಮೇಲೆಯೇ ೧೯೯೧ರ ಪುಟವನ್ನು ಮುಟ್ಟಿದೆವು. ಅಕ್ಕನ ಮದುವೆಯ ಸಾಲದ ಕಡೆಯ ಕಂತಿನ ಮುಂದೆ, ಇಂಗ್ಲಿಷ್ ಅಕ್ಷರಗಳಲ್ಲಿ, “ತೀರಿತು” ಎಂದು ಬರೆದಿದ್ದರು.